ಆರಾಮ ಆಗೋ ಜಾಗ

ಬಾಗಲಕೋಟೆ ಸೀಮೆಯಲ್ಲಿ ಯಾರೂ ‘ನನಗೆ ಕಾಯಿಲೆ’ ಎನ್ನುವುದಿಲ್ಲ. ‘ಆರಾಮ ಇಲ್ರಿ’ ಎನ್ನುತ್ತಾರೆ. ಗುಣವಾದರೆ ‘ಆರಾಮ ಆತು’. ದಾರಿಯಲ್ಲಿ ಎದುರಾದವರನ್ನು ವಿಚಾರಿಸುವುದೂ ‘ಆರಾಮ ಅದೀರಿ?’ ಎಂದೇ. ಜ್ವರ, ಮುರಿದ ಕಾಲು, ಎದೆನೋವು, ನಿದ್ದೆಗೆಟ್ಟ ಚಿಂತೆ, ಎಲ್ಲಕ್ಕೂ ಈ ಜನ ಇಟ್ಟುಕೊಂಡ ಹೆಸರು ಒಂದೇ. ಪಾರ್ಸಿಯಿಂದ ಬಂದ ಈ ಮಾತಿನ ಅರ್ಥ ನೆಮ್ಮದಿ, ವಿಶ್ರಾಂತಿ. ಸಂಸ್ಕೃತದಲ್ಲೂ ಇದೇ ಉಚ್ಚಾರದ ಪದವೊಂದಿದೆ. ಅಲ್ಲಿ ಆರಾಮವೆಂದರೆ ಉದ್ಯಾನ; ಬೌದ್ಧರ ಸಂಘಾರಾಮದಲ್ಲಿರುವುದು ಆ ಆರಾಮ. ಎರಡು ಬೇರೆ ಬೇರೆ ಬೇರಿನ ಪದಗಳು ಕನ್ನಡದ ಬಾಯಲ್ಲಿ ಒಂದಾಗಿ ಕುಳಿತಿವೆ. ಆಸ್ಪತ್ರೆ ಕಟ್ಟುವವರು ಇದನ್ನು ತುಸು ಗಮನಿಸಬೇಕು.

ಬೆಳಗಿನ ಬಸ್ಸುಗಳಲ್ಲಿ ಬಾದಾಮಿ, ಹುನಗುಂದ, ಇಳಕಲ್ಲ ಕಡೆಯಿಂದ ಬಾಗಲಕೋಟೆಯ ನವನಗರಕ್ಕೆ ಬರುವವರಲ್ಲಿ ದವಾಖಾನೆಗೆ ಹೊರಟವರನ್ನು ಗುರುತಿಸುವುದು ಕಷ್ಟವಲ್ಲ. ಪೇಶಂಟ್ ಒಬ್ಬರಿದ್ದರೆ ಜೊತೆಗೆ ಇಬ್ಬರು ಮೂವರು. ಒಂದು ಕೈಚೀಲದಲ್ಲಿ ಹಳೆಯ ಚೀಟಿಗಳು, ಎಕ್ಸ್‌ರೇ. ಇನ್ನೊಂದರಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ. ‘ಅಡ್ಮಿಟ್ ಆಗ್ರಿ ಅಂದ್ರ ಇರ್ಲಿ’ ಎಂದು ಮಡಿಚಿ ತಂದ ಚಾದರ. ಅವರು ಚಿಕಿತ್ಸೆಗೆ ಮಾತ್ರ ಸಿದ್ಧವಾಗಿ ಬಂದಿಲ್ಲ, ಎರಡು ಮೂರು ದಿನದ ಬದುಕನ್ನೇ ಗಂಟು ಕಟ್ಟಿ ತಂದಿದ್ದಾರೆ. ಆ ಗಂಟನ್ನು ಬಿಚ್ಚಲು ಜಾಗ ಕೊಡದ ಆಸ್ಪತ್ರೆಯಲ್ಲಿ ಎಂಥ ನುರಿತ ಸರ್ಜನ್ ಇದ್ದರೂ ಒಂದು ಕೆಲಸ ಬಾಕಿ ಉಳಿದಂತೆಯೇ.

ಚಿಕಿತ್ಸೆ ಹತ್ತಿರ ಬಂದದ್ದು ಸಣ್ಣ ಮಾತಲ್ಲ ಎಂಬುದನ್ನು ಮೊದಲು ಹೇಳಬೇಕು. ಇಲ್ಲಿಯ ಹಿರಿಯರಿಗೆ ದೊಡ್ಡ ರೋಗವೆಂದರೆ ದೂರದ ಊರು: ಹುಬ್ಬಳ್ಳಿ, ಬೆಳಗಾವಿ, ಸೊಲ್ಲಾಪುರ, ಇಲ್ಲವೇ ಮಿರಜಿನ ಮಿಶನ್ ಆಸ್ಪತ್ರೆ. 1997ರಲ್ಲಿ ವಿಜಾಪುರದಿಂದ ಬೇರೆಯಾಗಿ ಬಾಗಲಕೋಟೆ ಜಿಲ್ಲೆಯಾಯಿತು. 1906ರಿಂದ ಶಾಲೆ ಕಾಲೇಜು ನಡೆಸುತ್ತ ಬಂದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ 2002ರಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜನ್ನು ತೆರೆಯಿತು. ಅದರ ಬೋಧನಾ ಆಸ್ಪತ್ರೆಗೆ ಹಾನಗಲ್ಲ ಶ್ರೀ ಕುಮಾರೇಶ್ವರರ ಹೆಸರು. ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಯಲ್ಲಿ 1909ರಲ್ಲಿ ಶಿವಯೋಗ ಮಂದಿರ ಕಟ್ಟಿದ ಅದೇ ಕುಮಾರಸ್ವಾಮಿಗಳು. ನವನಗರದಲ್ಲಿ ಜಿಲ್ಲಾ ಆಸ್ಪತ್ರೆಯಿದೆ, ಬಾದಾಮಿ, ಹುನಗುಂದಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ದವಾಖಾನೆ ಬಂತು. ಒಳಗಿನ ಆರಾಮದ ಮಾತು ಇನ್ನು ಮುಂದಿನದು.

ಆ ಮಾತಿಗೆ ವಿಜ್ಞಾನದ ಬಲ ಸಿಕ್ಕಿದ್ದು ಒಂದು ಕಿಟಕಿಯಿಂದ. ಅಮೆರಿಕದ ರೋಜರ್ ಉಲ್ರಿಚ್ ಎಂಬ ಸಂಶೋಧಕ ಪೆನ್ಸಿಲ್ವೇನಿಯದ ಆಸ್ಪತ್ರೆಯೊಂದರ 1972ರಿಂದ 1981ರವರೆಗಿನ ದಾಖಲೆಗಳನ್ನು ತೆಗೆದು ಕುಳಿತರು. ಪಿತ್ತಕೋಶದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 46 ರೋಗಿಗಳನ್ನು ವಯಸ್ಸು, ಲಿಂಗ ಮುಂತಾದವುಗಳಲ್ಲಿ ಸರಿಹೊಂದುವ 23 ಜೋಡಿಗಳಾಗಿ ಆರಿಸಿದರು. ಪ್ರತಿ ಜೋಡಿಯಲ್ಲಿ ಒಬ್ಬರ ಕಿಟಕಿಗೆ ಮರಗಳು ಕಾಣುತ್ತಿದ್ದವು, ಇನ್ನೊಬ್ಬರ ಕಿಟಕಿಗೆ ಇಟ್ಟಿಗೆಯ ಗೋಡೆ. ಮರ ಕಂಡವರು ಸರಾಸರಿ 7.96 ದಿನಕ್ಕೆ ಮನೆಗೆ ಹೋದರು, ಗೋಡೆ ಕಂಡವರು 8.70 ದಿನಕ್ಕೆ. ಮರ ಕಂಡವರಿಗೆ ನೋವು ತಡೆಯುವ ಬಲವಾದ ಔಷಧಿಯೂ ಕಡಿಮೆ ಸಾಕಾಯಿತು. ‘ಅಳುತ್ತಿದ್ದಾರೆ’, ‘ಧೈರ್ಯ ಹೇಳಬೇಕಿದೆ’ ಎಂಬಂಥ ಟಿಪ್ಪಣಿಗಳನ್ನು ನರ್ಸ್‌ಗಳು ಅವರ ಬಗ್ಗೆ ಬರೆದದ್ದೂ ಕಡಿಮೆ. 1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಈ ಪುಟ್ಟ ಅಧ್ಯಯನವನ್ನು ಇಂದಿಗೂ ಆಸ್ಪತ್ರೆಯ ವಾಸ್ತುಶಿಲ್ಪಿಗಳು ನೆನೆಯುತ್ತಾರೆ.

ರೋಗಿಯನ್ನು ನಡುವಿಗಿಟ್ಟು ಆಸ್ಪತ್ರೆಯನ್ನು ಮತ್ತೆ ಯೋಚಿಸಬೇಕೆಂಬ ಒಂದು ಚಳವಳಿಯ ಹೆಸರಲ್ಲೂ ಮರವೇ ಇದೆ. ಸ್ಯಾನ್ ಫ್ರಾನ್ಸಿಸ್ಕೋದ ಆಸ್ಪತ್ರೆಯಲ್ಲಿ ಮಲಗಿದ್ದಾಗ ಬೋಳು ಗೋಡೆ, ಅಪರಿಚಿತ ಮುಖಗಳ ನಡುವೆ ಕಂಗೆಟ್ಟಿದ್ದ ಆಂಜೆಲಿಕಾ ಥಿಯರಿಯಟ್ ಎಂಬ ಮಹಿಳೆ 1978ರಲ್ಲಿ ‘ಪ್ಲೇನ್‌ಟ್ರೀ’ ಸಂಸ್ಥೆಯನ್ನು ಹುಟ್ಟುಹಾಕಿದರು. ಗ್ರೀಸಿನ ವೈದ್ಯಗುರು ಹಿಪ್ಪೊಕ್ರೇಟಸ್ ಶಿಷ್ಯರಿಗೆ ಪಾಠ ಹೇಳಿದ್ದು ಪ್ಲೇನ್ ಮರವೊಂದರ ಕೆಳಗೆ ಎಂಬ ಐತಿಹ್ಯದಿಂದ ಬಂದ ಹೆಸರದು. ನಮ್ಮ ಹಳ್ಳಿಗಳಲ್ಲಿ ಆ ಜಾಗ ಬೇವಿನ ಕಟ್ಟೆಯದು.

ನವನಗರದವರಿಗೆ ಹತ್ತಿರದ ಒಂದು ಉದಾಹರಣೆ ಬಹು ದೂರದಲ್ಲಿದೆ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳು ಮುಳುಗತೊಡಗಿದಾಗ ಮನೆ ಕಳೆದುಕೊಂಡವರಿಗಾಗಿ ಎದ್ದ ಊರು ನವನಗರ. ಅದರ ನಕ್ಷೆಯ ಹಿಂದೆ ಇದ್ದವರು ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ನಮ್ಮಂಥ ಬಿಸಿಲು ನಾಡಿನಲ್ಲಿ ಆಕಾಶಕ್ಕೆ ತೆರೆದ ಅಂಗಳವೂ ಒಂದು ಕೋಣೆಯೇ ಎಂದು ಜೀವನವಿಡೀ ವಾದಿಸಿದವರು ಅವರು. ಇಳಿವಯಸ್ಸಿನಲ್ಲಿ ಅವರು ರೂಪಿಸಿದ ದೊಡ್ಡ ಕೆಲಸಗಳಲ್ಲೊಂದು ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿ, ತೇಜೋ ನದಿ ಕಡಲು ಸೇರುವಲ್ಲಿ ಇರುವ ಶಾಂಪಲಿಮೋ ಕೇಂದ್ರ. ಕ್ಯಾನ್ಸರ್ ಸಂಶೋಧನೆ ಮತ್ತು ಚಿಕಿತ್ಸೆಯ ಆ ಕಟ್ಟಡ 2010ರಲ್ಲಿ ತೆರೆಯಿತು. ಅದರ ಒಡಲಲ್ಲೊಂದು ಹಸಿರು ತೋಟವಿದೆ. ಕಿಮೊಥೆರಪಿಗೆಂದು ತಾಸುಗಟ್ಟಲೆ ಕೂರಬೇಕಾದವರ ಕಣ್ಣು ಆ ಗಿಡಗಳ ಮೇಲೆ ಬೀಳುತ್ತದೆ. ಸೌಂದರ್ಯವೂ ಒಂದು ಚಿಕಿತ್ಸೆ ಎಂಬುದು ಆ ಕಟ್ಟಡದ ಬಗ್ಗೆ ಕೊರಿಯಾ ಅವರಿಗಿದ್ದ ನಂಬಿಕೆ. ಮುಳುಗಡೆಯವರ ಊರಿಗೆ ನಕ್ಷೆ ಬರೆದ ಕೈಯೇ ಕ್ಯಾನ್ಸರ್ ರೋಗಿಯ ಎದುರಿಗೆ ತೋಟ ಇಟ್ಟದ್ದು ಎಂದು ತಿಳಿದಾಗ ಲಿಸ್ಬನ್ ತುಸು ಹತ್ತಿರ ಬರುತ್ತದೆ.

ಹಾಗೆ ಮಾಡಲು ಪೋರ್ಚುಗಲ್ಲಿನ ದುಡ್ಡು ಬೇಕೆಂದಿಲ್ಲ. ಈ ಸೀಮೆಯ ಹಳೆಯ ಮನೆಗಳನ್ನೇ ನೋಡಬಹುದು. ಮೊಳಗಟ್ಟಲೆ ದಪ್ಪದ ಕಲ್ಲುಗೋಡೆ, ಮಣ್ಣಿನ ಮಾಳಿಗೆ, ಮೇಲಿನಿಂದ ಬೆಳಕು ಇಳಿಸುವ ಬೆಳಕಿಂಡಿ, ಬಂದವರು ಕೂರುವ ಪಡಸಾಲೆ, ಹೊರಗೆ ಕಟ್ಟೆ. ಏಪ್ರಿಲ್, ಮೇ ತಿಂಗಳ 40 ಡಿಗ್ರಿಯ ಬಿಸಿಲಿನಲ್ಲೂ ಒಳಗೆ ಹೊಕ್ಕರೆ ಮೈ ತಣ್ಣಗಾಗುತ್ತದೆ. ಇದೇ ನೆಲದಲ್ಲಿ ಕಾಂಕ್ರೀಟಿನ ಚಪ್ಪಟೆ ತಾರಸಿಯ ಕೆಳಗೆ, ಪಶ್ಚಿಮಕ್ಕೆ ಮುಖಮಾಡಿದ ಗಾಜಿನ ಕಿಟಕಿಯ ಪಕ್ಕ, ಆಪರೇಶನ್ ಆದವರನ್ನು ಮಲಗಿಸಿದರೆ ಸಂಜೆಯ ಹೊತ್ತಿಗೆ ಅವರ ಕಾಟ್ ಕಾದ ಹಂಚಾಗಿರುತ್ತದೆ. ತಾರಸಿಗೆ ಬಿಳಿ ಸುಣ್ಣ, ಪಶ್ಚಿಮದ ಗೋಡೆಗೆ ಒಂದು ಚಾವಣಿ, ಕಿಟಕಿಯ ಹೊರಗೆ ಬೇವು, ಹೊಂಗೆ. ಇವುಗಳ ಖರ್ಚು ಒಂದು ಸ್ಕ್ಯಾನಿಂಗ್ ಯಂತ್ರದ ಬೆಲೆಯ ಹತ್ತಿರವೂ ಹೋಗುವುದಿಲ್ಲ.

ಸದ್ದಿನ ಕಥೆ ಬೇರೆ. ಆಸ್ಪತ್ರೆಯ ವಾರ್ಡಿನಲ್ಲಿ ರಾತ್ರಿಯ ಸದ್ದು 30 ಡೆಸಿಬಲ್ ದಾಟಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಹೇಳಿದ ಅಳತೆ, ಪಿಸುಮಾತಿನಷ್ಟು. ಟ್ರಾಲಿಯ ಎಣ್ಣೆ ಕಾಣದ ಗಾಲಿ, ದಡಾರನೆ ಬೀಳುವ ಬಾಗಿಲು, ಯಾರದೋ ಮೊಬೈಲಿನ ವಿಡಿಯೊ ಸೇರಿದರೆ ಯಾವ ವಾರ್ಡೂ ಆ ಅಳತೆಯೊಳಗೆ ನಿಲ್ಲದು. ಬೇಡದ ಸದ್ದು ರೋಗಿಗೆ ಮಾಡುವ ಕ್ರೌರ್ಯ ಎಂದು ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲೇ ತಮ್ಮ ನರ್ಸಿಂಗ್ ಪುಸ್ತಕದಲ್ಲಿ ಬರೆದರು. ಬಣ್ಣದ ಹೂಗೊಂಚಲು ಕಂಡಾಗ ಜ್ವರದ ರೋಗಿಗಳ ಮುಖ ಅರಳುವುದನ್ನೂ ಅವರು ಗುರುತಿಸಿದ್ದರು. ಗಾಲಿಗೆ ಎಣ್ಣೆ, ಬಾಗಿಲಿಗೆ ರಬ್ಬರಿನ ತುಂಡು: ಇದಕ್ಕೆ ಟೆಂಡರು ಬೇಕಾಗಿಲ್ಲ.

ಇಷ್ಟಾದರೂ ಕಟ್ಟಡ ಅರ್ಧ ಮಾತ್ರ. ಉಳಿದರ್ಧ ಮಾತು.

ಉಲ್ರಿಚ್‌ರ ಕಿಟಕಿಯ ಅಧ್ಯಯನ ಬಂದ 1984ರಲ್ಲೇ ಅಮೆರಿಕದ ಇನ್ನಿಬ್ಬರು, ಬೆಕ್‌ಮನ್ ಮತ್ತು ಫ್ರಾಂಕೆಲ್, ವೈದ್ಯರ ಕೋಣೆಯಲ್ಲಿ ನಡೆದ 74 ಭೇಟಿಗಳ ಧ್ವನಿಮುದ್ರಣ ಕೇಳಿ ಲೆಕ್ಕ ಹಾಕಿದರು. ರೋಗಿ ತನ್ನ ತೊಂದರೆ ಹೇಳಲು ಶುರು ಮಾಡಿದ ಸರಾಸರಿ 18 ಸೆಕೆಂಡಿಗೆ ವೈದ್ಯರು ನಡುವೆ ಬಾಯಿ ಹಾಕುತ್ತಿದ್ದರು. ಹೇಳಬೇಕಾದದ್ದನ್ನು ಪೂರ್ತಿ ಹೇಳಿ ಮುಗಿಸಿದವರು ನೂರಕ್ಕೆ 23 ಮಂದಿ. ಹೊರಗೆ ನೂರು ಜನ ಸರದಿಯಲ್ಲಿ ನಿಂತಿರುವ ನಮ್ಮ ಹೊರರೋಗಿ ವಿಭಾಗದ ವೈದ್ಯರಿಗೆ 18 ಸೆಕೆಂಡೇ ದೊಡ್ಡದೆನಿಸಿದರೆ ತಪ್ಪು ಅವರೊಬ್ಬರದಲ್ಲ.

ಅದರ ಮೇಲೆ ಇಲ್ಲಿಯ ಕನ್ನಡ. ‘ಕೈಕಾಲ ಹರೀತಾವ್ರಿ’ ಎಂದರೆ ಇಲ್ಲಿ ಯಾವುದೂ ಹರಿದಿಲ್ಲ, ಮೈಕೈ ಸೆಳೆಯುತ್ತಿದೆ ಎಂದರ್ಥ. ‘ಎದ್ಯಾಗ ಹಿಡದಂಗ ಆಗೈತಿ’, ‘ಹೊಟ್ಟ್ಯಾಗ ಚಳುಕು ಹೊಡಿತೈತಿ’, ‘ಕಣ್ಣಿಗಿ ಕತ್ತಲಿ ಬರ್ತೈತಿ’. ಇವು ಮೂರೂ ಮೂರು ಬೇರೆ ದಾರಿಯ ಪರೀಕ್ಷೆಗಳನ್ನು ಕೇಳುವ ಮಾತುಗಳು. ಅಖಿಲ ಭಾರತ ಕೋಟಾದಲ್ಲಿ ಉತ್ತರದ ರಾಜ್ಯಗಳಿಂದ ಬಂದ ಕಿರಿಯ ವೈದ್ಯರಿಗೂ, ಬೆಂಗಳೂರು ಮೈಸೂರಿನ ಕನ್ನಡಿಗರಿಗೂ ಇದು ಹೊಸ ಪಾಠವೇ. 2019ರಲ್ಲಿ ಬದಲಾದ ಎಂಬಿಬಿಎಸ್ ಪಠ್ಯಕ್ರಮ ಮೊದಲ ತಿಂಗಳ ಅಡಿಪಾಯ ತರಗತಿಯಲ್ಲೇ ಸ್ಥಳೀಯ ಭಾಷೆಯನ್ನು ಸೇರಿಸಿತು. ರೋಗಿಯೊಡನೆ ನಡೆದುಕೊಳ್ಳುವ ರೀತಿ, ನೀತಿ, ಸಂವಹನಗಳನ್ನು ಕೊನೆಯ ವರ್ಷದವರೆಗೆ ಕಲಿಸಬೇಕೆಂದಿತು. ಈ ಭಾಷೆಯ ಪಾಠವನ್ನು ವಾರ್ಡಿನ ಆಯಾಗಳಿಂದ, ಹಿರಿಯ ಸಿಸ್ಟರ್‌ಗಳಿಂದ ಹೇಳಿಸಿದರೆ ಇನ್ನೂ ಒಳ್ಳೆಯದು. ‘ಯವ್ವಾ, ಏನಾಗ್ತೈತಿ ಹೇಳು’ ಎಂದು ಕೇಳಿ ಸುಮ್ಮನಿರುವ ವಿದ್ಯೆ ಅವರಲ್ಲಿ ಅನೇಕರಿಗೆ ಕರಗತ.

ಇಳಕಲ್ಲಿಗೆ ಬಂದರೆ ಕೇಳುವ ಪ್ರಶ್ನೆಯೇ ಬೇರೆಯಾಗಬೇಕು. ಅಲ್ಲಿಯ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತವರು ಸೀರೆಯ ಹತ್ತಿಯ ಹಾಸೆಳೆಗಳಿಗೆ ಸೆರಗಿನ ರೇಷ್ಮೆಯ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಕಣ್ಣು, ಸೊಂಟ, ಮೊಣಕಾಲು ಮೂರೂ ಆ ಸೀರೆಗೆ ಸುಂಕ ಕಟ್ಟುತ್ತವೆ. ಅಂಥವರಿಗೆ ‘ತಿಂಗಳು ಮಗ್ಗಕ್ಕ ಕೂಡಬ್ಯಾಡ್ರಿ’ ಎಂದು ಬರೆದುಕೊಟ್ಟ ಚೀಟಿ ಚೀಟಿಯಾಗಿಯೇ ಉಳಿಯುತ್ತದೆ. ನೇಯ್ದರೆ ಕೂಲಿ, ಇಲ್ಲವಾದರೆ ಇಲ್ಲ. ಕೂರುವ ಹಲಗೆಯ ಎತ್ತರ, ಬೆಳಕು ಬರುವ ದಿಕ್ಕು, ತಾಸಿಗೊಮ್ಮೆ ಎದ್ದು ನಿಲ್ಲುವುದು, ಕಂಡಿಕೆ ಸುತ್ತುವ ಕೆಲಸವನ್ನು ಕೆಲವು ದಿನ ಅದಲುಬದಲು ಮಾಡಿಕೊಳ್ಳುವುದು. ಇಂಥ ಸಲಹೆ ಕೊಡಲು ವೈದ್ಯರು ಒಮ್ಮೆಯಾದರೂ ಮಗ್ಗದ ಮನೆ ಹೊಕ್ಕಿರಬೇಕು.

ಇಳಕಲ್ಲಿನ ಇನ್ನೊಂದು ಹೆಸರು ಕೆಂಪು ಗ್ರಾನೈಟ್. ಕಲ್ಲು ಕೊರೆಯುವಾಗ, ಕತ್ತರಿಸುವಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ವರ್ಷಗಟ್ಟಲೆ ಅದನ್ನು ಉಸಿರಾಡಿದವರಿಗೆ ಸಿಲಿಕೋಸಿಸ್ ಬರಬಹುದು. ಶ್ವಾಸಕೋಶದ ಆ ಗಾಯ ಮತ್ತೆ ಮಾಯುವುದಿಲ್ಲ. ಕೆಮ್ಮು, ದಮ್ಮು, ತೂಕ ಇಳಿಯುವುದು ಎಲ್ಲ ಕ್ಷಯದಂತೆಯೇ ಕಾಣುವುದರಿಂದ ಟಿಬಿ ಗುಳಿಗೆಯೊಂದನ್ನೇ ಕೊಟ್ಟು ಕಳಿಸುವ ಅಪಾಯ ಯಾವಾಗಲೂ ಇದೆ. ಸಿಲಿಕಾ ಹೊಕ್ಕ ಶ್ವಾಸಕೋಶಕ್ಕೆ ಟಿಬಿಯೂ ಬೇಗ ತಗಲುತ್ತದೆ ಎಂಬುದು ಇನ್ನೊಂದು ತೊಡಕು. ಈ ಗಂಟನ್ನು ಬಿಡಿಸುವ ಮೊದಲ ಎಳೆ ಎಕ್ಸ್‌ರೇ ಅಲ್ಲ. ‘ಏನ್ ಕೆಲಸ ಮಾಡ್ತೀರಿ? ಮೊದಲ ಏನ್ ಮಾಡ್ತಿದ್ರಿ?’ ಎಂಬ ಪ್ರಶ್ನೆ. ಇಟಲಿಯ ವೈದ್ಯ ಬೆರ್ನಾರ್ಡಿನೊ ರಮಾಝೀನಿ 1700ರಲ್ಲಿ ಕೆಲಸಗಾರರ ರೋಗಗಳ ಬಗ್ಗೆ ಬರೆದ ಗ್ರಂಥದಲ್ಲಿ, ವೈದ್ಯರು ರೋಗಿಯನ್ನು ಕೇಳುವ ಪ್ರಶ್ನೆಗಳಿಗೆ ಇದೊಂದನ್ನು ಸೇರಿಸಿರೆಂದು ಬೇಡಿಕೊಂಡಿದ್ದರು. ಕಲ್ಲು ಗಣಿಯ ನಾಡಿನಲ್ಲಿ ಹೊರರೋಗಿ ಚೀಟಿಯ ಮೇಲೆ ಹೆಸರು, ವಯಸ್ಸಿನ ಪಕ್ಕದಲ್ಲೇ ಕಸುಬಿಗೊಂದು ಗೆರೆ ಇರಲೇಬೇಕು.

ಕೇಳುವುದರಲ್ಲಿ ಎಂಥ ಶಕ್ತಿಯಿದೆ ಎಂಬುದಕ್ಕೆ ಇಳಕಲ್ಲೇ ಸಾಕ್ಷಿ. ಅಲ್ಲಿಯ ಚಿತ್ತರಗಿ ಸಂಸ್ಥಾನಮಠದ ಮಹಾಂತ ಸ್ವಾಮಿಗಳು 1975ರಲ್ಲಿ ಹೆಗಲಿಗೆ ಜೋಳಿಗೆ ಹಾಕಿ ಮನೆಮನೆಗೆ ಹೊರಟರು. ಕೇಳಿದ ಭಿಕ್ಷೆ ಕಾಳಲ್ಲ, ಕಾಸಲ್ಲ: ಕುಡಿತ, ತಂಬಾಕು, ಜೂಜು. ‘ನಿಮ್ಮ ದುಶ್ಚಟವನ್ನು ಈ ಜೋಳಿಗೆಗೆ ಹಾಕಿ’ ಎಂದು ಸ್ವಾಮಿಗಳೇ ಕೈ ಚಾಚಿ ನಿಂತಾಗ, ಯಾರ ಗದರಿಕೆಗೂ ಬಗ್ಗದವರು ಬಾಟಲಿ, ಬೀಡಿ ತಂದು ಹಾಕಿದರು. ಅದು ‘ಮಹಾಂತ ಜೋಳಿಗೆ’ ಎಂದು ನಾಡಿಗೆಲ್ಲ ಪರಿಚಯವಾಯಿತು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತ ಬಂದಿದೆ. ಕುಡಿತ ಬಿಟ್ಟಾಗ ಮೈ ನಡುಗುವುದಕ್ಕೆ, ಫಿಟ್ಸ್ ಬರುವುದಕ್ಕೆ ವೈದ್ಯರು ಬೇಕೇ ಬೇಕು. ಆದರೆ ಬಿಡುವ ಮನಸ್ಸು ಮಾಡಿಸಿದ್ದು, ಕುಡುಕನನ್ನು ಕೀಳಾಗಿ ಕಾಣದೆ ಅವನ ಮುಂದೆ ತಾನೇ ಬೇಡುವವನಾಗಿ ನಿಂತ ಆ ನಡೆ. ವ್ಯಸನದ ಚಿಕಿತ್ಸೆಯ ಪುಸ್ತಕಗಳು ಇಂದು ಹೇಳುವುದೂ ಇದನ್ನೇ: ದೂರಬೇಡಿ, ಅವನಿಂದಲೇ ಮಾತು ಹೊರಡಲಿ.

ಹೆರಿಗೆ ಕೋಣೆಯಲ್ಲಿ ಹೀಗೆ ಪಕ್ಕದಲ್ಲಿ ನಿಲ್ಲುವ ಮಾತು ಇನ್ನಷ್ಟು ಜೀವದ್ದು. ಚೊಚ್ಚಲ ಹೆರಿಗೆಗೆ ತವರಿಗೆ ಬರುವುದು ಇಲ್ಲಿಯ ರೂಢಿ. ಮನೆಯಲ್ಲಿ ಹೆರುತ್ತಿದ್ದ ಕಾಲದಲ್ಲಿ ಬೆನ್ನು ನೀವುವ ತಾಯಿ, ಅತ್ತಿಗೆ, ಸೂಲಗಿತ್ತಿ ಪಕ್ಕದಲ್ಲೇ ಇರುತ್ತಿದ್ದರು. ಹೆರಿಗೆ ಆಸ್ಪತ್ರೆಗೆ ಬಂದು ಎಷ್ಟೋ ಬಾಣಂತಿಯರ, ಶಿಶುಗಳ ಜೀವ ಉಳಿಯಿತು. ಅದೇ ಹೊತ್ತಿಗೆ ಆ ತಾಯಿ ಬಾಗಿಲಾಚೆ ಉಳಿದಳು; ಒಳಗೆ ಹುಡುಗಿ ಗುರುತಿಲ್ಲದವರ ನಡುವೆ ಒಬ್ಬಳೇ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾಡು ಕೊಂಡಾಡಿದ್ದು ಅವರ ಕೈಗುಣವನ್ನು. ಆ ಗುಣದಲ್ಲಿ ನೋವಿನುದ್ದಕ್ಕೂ ಪಕ್ಕ ಬಿಡದೆ ಕೂತ ತಾಳ್ಮೆಯ ಪಾಲು ಬಹಳ.

ಅದು ಬರಿಯ ಸಮಾಧಾನವೂ ಅಲ್ಲ. ಹದಿನೇಳು ದೇಶಗಳ 15,000ಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ 26 ಪ್ರಯೋಗಗಳನ್ನು ಕೂಡಿಸಿ ನೋಡಿದ 2017ರ ಕಾಕ್ರನ್ ಸಮೀಕ್ಷೆ, ನೋವಿನ ಹೊತ್ತಿನಲ್ಲಿ ಬೆಂಬಲಕ್ಕೆ ಒಬ್ಬರು ಪಕ್ಕದಲ್ಲೇ ಇದ್ದವರಿಗೆ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ನೋವಿನ ಅವಧಿಯೂ ತುಸು ಕಡಿಮೆ ಎಂದು ಕಂಡುಕೊಂಡಿತು. ಕೇಂದ್ರ ಸರ್ಕಾರ ಅದೇ ವರ್ಷ ಡಿಸೆಂಬರಿನಲ್ಲಿ ತಂದ ‘ಲಕ್ಷ್ಯ’ ಕಾರ್ಯಕ್ರಮ ಸರ್ಕಾರಿ ಹೆರಿಗೆ ಕೋಣೆಗಳಿಗೆ ಮರೆಯ ಪರದೆ, ಗೌರವದ ಮಾತು, ಜೊತೆಗೊಬ್ಬರು ಸಂಗಾತಿ ಇರಬೇಕೆಂದು ಹೇಳುತ್ತದೆ. ಪರದೆಯಿದ್ದರೆ ಪಕ್ಕದ ಕಾಟಿನವಳ ಮಾನಕ್ಕೆ ಧಕ್ಕೆಯಿಲ್ಲದೆ ತಾಯಿಯೋ ಅಕ್ಕನೋ ಒಳಗೆ ಬರಬಹುದು. ಒಂದು ಬಟ್ಟೆಯ ಪರದೆ ಇಷ್ಟೆಲ್ಲ ಬಾಗಿಲು ತೆರೆಯುತ್ತದೆ.

ಇನ್ನು ಹೊರಗೆ, ಕಾಂಪೌಂಡಿನ ಗಿಡದ ಕೆಳಗೆ ಬುತ್ತಿ ಬಿಚ್ಚಿ ಕುಳಿತವರು. ಆಡಳಿತದ ಕಣ್ಣಿಗೆ ಅವರು ಗದ್ದಲ. ನಿಜ ನೋಡಿದರೆ ರೋಗಿಯನ್ನು ಮಗ್ಗುಲಾಗಿಸುವವರು, ಸಲಾಯಿನ್ ಮುಗಿಯಿತೆಂದು ಸಿಸ್ಟರ್‌ಗೆ ಕೂಗುವವರು, ಗಂಜಿ ಕುಡಿಸುವವರು ಅವರೇ. ಊರಿಗೆ ಹೋದ ಮೇಲೆ ಗಾಯ ನೋಡಿಕೊಳ್ಳುವವರೂ ಅವರೇ. ಇದನ್ನು ಗುರುತಿಸಿ 2014ರಲ್ಲಿ ಆರಂಭವಾದ ನೂರಾ ಹೆಲ್ತ್ ಸಂಸ್ಥೆ, ಮೊದಲು ಕರ್ನಾಟಕದ ನಾರಾಯಣ ಹೃದಯಾಲಯದ ಆಸ್ಪತ್ರೆಗಳಲ್ಲಿ, ಹೃದಯದ ಆಪರೇಶನ್ ಆದವರ ಮನೆಯವರನ್ನು ವಾರ್ಡಿನಲ್ಲೇ ಕೂರಿಸಿ ಪಾಠ ಹೇಳತೊಡಗಿತು. ಕೈ ತೊಳೆಯುವುದು, ನಾಡಿ ಎಣಿಸುವುದು, ಯಾವ ಲಕ್ಷಣ ಕಂಡರೆ ಓಡಿ ಬರಬೇಕು ಎನ್ನುವುದು. ಮುಂದೆ ಆ ತರಬೇತಿ ಕರ್ನಾಟಕ, ಪಂಜಾಬ್ ಮುಂತಾದ ರಾಜ್ಯಗಳ ಸರ್ಕಾರಿ ಆಸ್ಪತ್ರೆಗಳಿಗೂ ಹೋಯಿತು.

ಹಸಿದವರಿಗೂ ರೋಗಿಗಳಿಗೂ ಒಂದೇ ಸೂರಿನಡಿ ಜಾಗ ಕೊಡುವುದು ಕನ್ನಡ ನಾಡಿಗೆ ಹೊಸದೂ ಅಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯಮಠವನ್ನು ಬಣ್ಣಿಸುವ 1162ರ ಶಾಸನ ಅಲ್ಲಿಯ ವಿದ್ಯೆಗಳನ್ನು ಪಟ್ಟಿ ಮಾಡಿ, ಅದು ದೀನರಿಗೆ, ಕುಂಟರು ಕುರುಡರಿಗೆ ಅನ್ನವಿಕ್ಕುವ, ಅನಾಥ ರೋಗಿಗಳಿಗೆ ಔಷಧ ಕೊಡುವ ತಾಣವೂ ಹೌದು ಎಂದು ದಾಖಲಿಸುತ್ತದೆ. ಅದು ಬಿಜ್ಜಳನ ಕಾಲ. ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ಬೆಳೆದ ಬಸವಣ್ಣ ಕಲ್ಯಾಣದಲ್ಲಿದ್ದ ಕಾಲ. ದಾಸೋಹದ ಈ ನೆಲದಲ್ಲಿ ರೋಗಿಯ ಸಂಗಡ ಬಂದವರಿಗೆ ಮಲಗಲು ಒಂದು ಚಾವಣಿ, ರೊಟ್ಟಿ ಕಾಯಿಸಲು ಒಲೆ, ಹೆಂಗಸರಿಗೆ ಬೀಗ ಹಾಕದ ಶೌಚಾಲಯ ಕೇಳುವುದು ಅತಿಯಾಸೆಯಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೊಂದು ದಾರಿಯೂ ಇದೆ. ಸ್ಥಳೀಯರೂ ಸದಸ್ಯರಾಗಿರುವ ಆರೋಗ್ಯ ರಕ್ಷಾ ಸಮಿತಿಗಳು ಫ್ಯಾನು, ಬೆಂಚು, ನೀರಿನಂಥ ಸಣ್ಣ ಅಗತ್ಯಗಳನ್ನು ಅಲ್ಲಲ್ಲೇ ತೀರ್ಮಾನಿಸಬಹುದು. 2015ರಲ್ಲಿ ಶುರುವಾದ ‘ಕಾಯಕಲ್ಪ’ ಪ್ರಶಸ್ತಿ ಸ್ವಚ್ಛತೆ, ಕಟ್ಟಡದ ನಿರ್ವಹಣೆ, ಸೋಂಕು ತಡೆಗಳಿಗೆ ಅಂಕ ಕೊಟ್ಟು, ಗೆದ್ದ ಆಸ್ಪತ್ರೆಗೆ ಹಣ ಕೊಡುತ್ತದೆ. ಸಮಿತಿಯ ಸಭೆಗೆ ಒಮ್ಮೆ ಈಚೆಗೆ ಗುಣವಾಗಿ ಹೋದ ನಾಲ್ವರು ರೋಗಿಗಳನ್ನೂ ಕರೆದು ‘ರಾತ್ರಿ ನಿದ್ದಿ ಹತ್ತಿತೇನ್ರಿ?’ ಎಂದು ಕೇಳಿದರೆ, ಅಂಕದ ಹಾಳೆಯಲ್ಲಿ ಕಾಣದ್ದು ಕಾಣುತ್ತದೆ.

ಕಡೆಯ ದಿನ ಕೈಗೆ ಬರುವುದು ಡಿಸ್ಚಾರ್ಜ್ ಕಾರ್ಡು. ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ, ಅವಸರದ ಅಕ್ಷರದಲ್ಲಿ. ಊರು ಮುಟ್ಟಿದ ಮೇಲೆ ಮನೆಯವರು ಅದನ್ನು ಓದಿಸಲು ಪಿಯುಸಿ ಓದುವ ಹುಡುಗನನ್ನು ಹುಡುಕುತ್ತಾರೆ. ಅವನಿಗೆ ಅರ್ಥವಾದಷ್ಟು ಚಿಕಿತ್ಸೆ ಮುಂದುವರಿಯುತ್ತದೆ. ಅದೇ ಕಾರ್ಡಿನ ಬೆನ್ನಿಗೆ ಅರ್ಧ ಪುಟ ಕನ್ನಡ ಸಾಕು. ಬೆಳಗಿನ ಗುಳಿಗೆಗೆ ಸೂರ್ಯ, ರಾತ್ರಿಯದಕ್ಕೆ ಚಂದ್ರನ ಚಿತ್ರ. ಉಂಡ ಮೇಲೋ ಮೊದಲೋ ಎಂಬುದು. ಯಾವ ನೋವು ಬಂದರೆ ಕಾಯದೆ ಬಸ್ಸು ಹತ್ತಬೇಕು ಎಂಬುದು. ಕೊಡುವ ಸಿಸ್ಟರ್ ‘ಈಗ ನೀವ ಒಮ್ಮಿ ನನಗ ಹೇಳ್ರಿ ನೋಡೋಣು’ ಎಂದು ಅವರ ಬಾಯಿಂದಲೇ ತಿರುಗಿ ಹೇಳಿಸಬೇಕು. ಮತ್ತೆ ಬರಬೇಕಾದ ತಾರೀಖಿನ ಪಕ್ಕ ಅವರ ಊರಿನ ಸಂತೆಯ ವಾರವನ್ನೂ ಬರೆದುಕೊಟ್ಟರೆ, ಗೋಡೆಯ ಕ್ಯಾಲೆಂಡರ್ ನೋಡದ ಅಜ್ಜಿಯೂ ‘ಸಂತಿ ಮರುದಿನ ದವಾಖಾನಿಗಿ ಹೋಗೂದೈತಿ’ ಎಂದು ಮಗನಿಗೆ ತಾನೇ ನೆನಪು ಮಾಡುತ್ತಾಳೆ.